ವರ್ದೆಯ ಕಡೆಯವರು

ಕಿತಿಯೋನೆ ದೋಣಿಯಿಂದ ಇಳಿಯುವಾಗಲೇ ತಲೆಯ ಮೇಲಿನ ನೀಲಿ ಟೋಪಿಯನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ನಮ್ಮಲ್ಲಿ ಊರೊಳಗೆ ಯಾರೂ ಟೋಪಿ ಹಾಕುವಂತಿಲ್ಲ. ದೂರದ ಲೆಬನಾನಿನಲ್ಲಿ ಶಾಂತಿ ಕಾಯುವ ಪಡೆಯಲ್ಲಿದ್ದು ಬಂದವನಿಗೂ ಅದು ಮರೆತಿರಲಿಲ್ಲ ಎಂದು ದಡದಲ್ಲಿ ನಿಂತ ಮುದುಕರಿಗೆ ಸಮಾಧಾನವಾಯಿತು. ಆ ಕಾಲದಲ್ಲಿ ಫಿಜಿಯ ಪ್ರತಿ ದ್ವೀಪದಿಂದಲೂ ಗಂಡಸರು ಅಲ್ಲಿಗೆ ಹೋಗುತ್ತಿದ್ದರು. ನಮ್ಮ ಕಂದಾವುವಿನಿಂದ ಹೋದವರಲ್ಲಿ ಕೆಲವರು ಪೆಟ್ಟಿಗೆಯಲ್ಲಿ ಬಂದಿದ್ದರು. ಇವನು ತನ್ನ ಕಾಲ ಮೇಲೆ ನಡೆದು ಬಂದ.

ಅವನು ನನ್ನ ಅಕ್ಕ ಉನಾಯ್ಸಿಯ ಗಂಡ. ಭಾವನನ್ನು ಚುಡಾಯಿಸುವುದು ನಮ್ಮಲ್ಲಿ ಹಕ್ಕು ಮಾತ್ರವಲ್ಲ, ಮರ್ಯಾದೆ ಕೂಡ. ಯುದ್ಧದಿಂದ ಮರಳಿದವರ ಮುಖಕ್ಕೆ ಬಳಿದ ಮಸಿಯನ್ನು ಊರವರು ಒರೆಸಿ, ಉಡುಗೊರೆ ಕೊಟ್ಟು, ಊಟ ಹಾಕುವುದು ಹಳೆಯ ಪದ್ಧತಿ. ಈಗ ಮಸಿ ಇಲ್ಲ, ಊಟ ಮಾತ್ರ ಉಳಿದಿದೆ.

"ಏನ್ ಭಾವ, ಒಂದು ಗುಂಡೂ ಹಾರಿಸಿಲ್ವಂತೆ? ಒರೆಸೋಕೆ ನಿನ್ನ ಮುಖದಲ್ಲಿ ಏನಿದೆ, ಎಣ್ಣೆ ಜಿಡ್ಡಾ?"

"ನಿನ್ನ ಮೀನುಬಲೆ ಥರ ಕಣೋ, ಸೈರೂಸಿ. ಅದೂ ಏನನ್ನೂ ಹಿಡಿಯಲ್ಲ, ಆದ್ರೂ ದಿನಾ ತೊಳಿತೀಯಲ್ಲ!"

ದಡವೆಲ್ಲ ನಕ್ಕಿತು. ಅಕ್ಕ ಮಗುವನ್ನು ಅವನ ಕೈಗಿಟ್ಟಳು. ಅವನು ಅಲ್ಲಿದ್ದಾಗ ಹುಟ್ಟಿದ ಮೂರನೆಯ ಹೆಣ್ಣುಮಗು. ಅಪ್ಪ ಬರಲೆಂದು ದೀಕ್ಷಾಸ್ನಾನ, ಹೆಸರು ಎರಡೂ ಕಾದಿದ್ದವು.

ಹೆಸರು ಏನೆಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಮೊದಲಿಬ್ಬರಿಗೆ ಅವನ ತಾಯಿಯ, ಸೋದರತ್ತೆಯ ಹೆಸರುಗಳು ಹೋಗಿದ್ದವು. ಈ ಸಲ ನಮ್ಮ ಅಮ್ಮ ಲೊಸಾನಾಳ ಸರದಿ. ಅಮ್ಮ ಆಗಲೇ ಮಗುವನ್ನು ತನ್ನ ಹೆಸರಿನಿಂದಲೇ ಕರೆಯುತ್ತಿದ್ದಳು. ಒಂದು ಹೆಸರಿನ ಇಬ್ಬರು ನಮ್ಮಲ್ಲಿ ಒಂದೇ ಜೀವದ ಹಾಗೆ. ಹೆಸರು ಹೊತ್ತ ಮಗು ಆ ಹೆಸರಿನವರ ಕಡೆಯದು; ಅವರಿಲ್ಲದ ಕಡೆ ಅವರ ಜಾಗ ಅದರದ್ದು.

ಮರುದಿನ ಮರಗೆಣಸಿನ ತೋಟದಲ್ಲಿ ಭಾವ ಗುದ್ದಲಿ ಕೆಳಗಿಟ್ಟ.

"ಸೈರೂಸಿ, ಮಗೂಗೆ ಬೇರೆ ಹೆಸರಿಡ್ಬೇಕು. ವರ್ದೆ ಅಂತ."

"ಬಿಸಿಲು ಹೊಡೀತಾ? ನಮ್ಮಮ್ಮ ನಿನ್ನನ್ನ ಸಮುದ್ರಕ್ಕೆ ಎಸೀತಾಳೆ."

"ಅದಕ್ಕೇ ನೀನು ಬೇಕು. ನಾನು ಅವರ ಹತ್ರ ಮಾತಾಡೋ ಹಾಗಿಲ್ವಲ್ಲ."

ಅಳಿಯ ಅತ್ತೆಯೊಡನೆ ನೇರವಾಗಿ ಮಾತಾಡುವುದಿಲ್ಲ. ಮದುವೆಯಾದಂದಿನಿಂದ ಅವರಿಬ್ಬರು ಒಬ್ಬರ ಮುಖವನ್ನೊಬ್ಬರು ನೋಡಿ ಒಂದು ಮಾತನ್ನೂ ಆಡಿರಲಿಲ್ಲ. ಅದು ಜಗಳವಲ್ಲ, ಗೌರವ.

ಸಂಜೆ ಅಮ್ಮ ಅರ್ಧ ಬೆನ್ನು ತಿರುಗಿಸಿ ಕೂತು ಚಾಪೆಯ ಓಲೆ ಸೀಳುತ್ತಿದ್ದಳು. ಭಾವ ಬಾಗಿಲ ಬಳಿ ತಲೆತಗ್ಗಿಸಿ ಕುಳಿತ. ನಡುವೆ ನಾನು. ಮಗುವಿಗೆ ಲೆಬನಾನಿನ ವರ್ದೆ ಎಂಬ ಹೆಂಗಸಿನ ಹೆಸರಿಡಬೇಕಂತೆ ಎಂದು ಹೇಳಿದೆ. ಓಲೆ ಸೀಳುವ ಸದ್ದು ನಿಂತಿತು.

"ಆ ಹೆಂಗಸು ಅವರಿಗೇನಾಗ್ಬೇಕು ಅಂತ ಕೇಳು."

ಭಾವ ನನ್ನ ಮೊಣಕಾಲು ನೋಡುತ್ತಾ ಹೇಳಿದ. ಅವನ ಕಾವಲು ಚೌಕಿಯ ಮೇಲಿನ ಗುಡ್ಡದಲ್ಲಿ ವರ್ದೆಯ ಮನೆ. ವಯಸ್ಸಾದ ಒಂಟಿ ಹೆಂಗಸು. ದಿನಾ ಬೆಳಿಗ್ಗೆ ಕಾವಲಿನ ಹುಡುಗರಿಗೆ ತೆಳ್ಳನೆಯ ರೊಟ್ಟಿ ತಂದು ಕೊಡುತ್ತಿದ್ದಳು. ಒಂದು ದಿನ ಆಲಿವ್ ತೋಟದ ದಾರಿಯಲ್ಲಿ ಇವರ ಲಾರಿ ಹೊರಟಾಗ ಅವಳು ಬರಿಗಾಲಲ್ಲಿ ಓಡಿ ಬಂದು ದಾರಿಗೆ ಅಡ್ಡ ನಿಂತಳು. ಹಾರ್ನ್ ಹೊಡೆದರೂ ಸರಿಯಲಿಲ್ಲ. ಎರಡೂ ಕೈಯನ್ನು ಲಾರಿಯ ಮೂತಿಗೆ ಒತ್ತಿ ನಿಂತೇ ಇದ್ದಳು. ಇಳಿದು ನೋಡಿದರೆ ಅವಳ ಬೆನ್ನ ಹಿಂದೆ ಸ್ವಲ್ಪ ದೂರದಲ್ಲಿ ಮಣ್ಣನ್ನು ಹೊಸದಾಗಿ ತೋಡಿ ಮುಚ್ಚಿದ್ದರು. ಅದರಡಿ ಸಿಡಿಮದ್ದು ಹೂತಿದ್ದರು.

"ಏನು ಕೊಡಲಿ ಅಂತ ಕೇಳ್ದೆ. ಬೇಡ, ಮನೆಗೆ ಹೋಗು ಅಂದ್ಲು. ಇಷ್ಟೇ ಅಂತ ಹೇಳು, ಸೈರೂಸಿ."

"ಹೂತಿಟ್ಟವರು ಅವಳ ಊರಿನವರೇನಾ ಅಂತ ಕೇಳು."

"ಇರಬಹುದು ಅಂತ ಹೇಳು."

"ಇವಳು ಅಡ್ಡ ನಿಂತಿದ್ದು ಅವರಿಗೆ ಕಂಡಿತ್ತಾ ಕೇಳು."

"ಹಗಲು ಹೊತ್ತು. ಎಲ್ಲರಿಗೂ ಕಂಡಿತ್ತು ಅಂತ ಹೇಳು."

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಕತ್ತಿಯನ್ನು ಬದಿಗಿಟ್ಟು ಪೂರ್ತಿ ಈಚೆಗೆ ತಿರುಗಿದಳು. ಅಳಿಯನ ಮುಖವನ್ನೇ ನೋಡಿದಳು.

"ಕಿತಿಯೋನೆ, ಆಮೇಲೆ ಅವಳಿಗೇನೂ ಆಗ್ಲಿಲ್ಲ ತಾನೆ?"

ಒಳಗೆ ಅಕ್ಕನ ಕೈಯಿಂದ ಪಾತ್ರೆ ಬಿದ್ದ ಸದ್ದಾಯಿತು. ಭಾವ ತಲೆಯೆತ್ತಿದ. ತಡೆದು ತಡೆದು ಹೇಳಿದ.

"ಗೊತ್ತಿಲ್ಲ, ಅತ್ತೆ. ಮರುದಿನವೇ ನಮ್ಮನ್ನ ಬೇರೆ ಚೌಕಿಗೆ ಹಾಕಿದ್ರು. ಹೊರಡೋ ಮುಂಚೆ ಒಂದ್ಸಲ ಆ ದಾರೀಲಿ ಹೋದೆ. ನಿಲ್ಸೋಕೆ ಬಿಡ್ಲಿಲ್ಲ. ಅವಳ ಮನೆ ಮುಂದೆ ಬಟ್ಟೆ ಒಣಗ್ತಿತ್ತು."

"ಯಾರ ಬಟ್ಟೆ?"

"ಅವಳದೇ ಕಪ್ಪು ಲಂಗ. ಹಸಿ ಇತ್ತು, ನೀರು ತೊಟ್ಟಿಕ್ತಿತ್ತು."

"ಹಾಗಾದ್ರೆ ಇದ್ದಾಳೆ," ಎಂದಳು ಅಮ್ಮ. ಬದಿಗಿಟ್ಟ ಕತ್ತಿಯನ್ನು ಮತ್ತೆ ಕೈಗೆತ್ತಿಕೊಂಡಳು. ಹೊರಗೆ ಭರತದ ನೀರು ಏರುತ್ತಿತ್ತು. "ಇಡು ಹೆಸರು."

ಅಕ್ಕ ಬಾಗಿಲಿಗೆ ಬಂದಳು. "ನಿನ್ನ ಹೆಸರಮ್ಮಾ?"

"ನನ್ನ ಹೆಸರು ಎಲ್ಲಿಗೂ ಓಡಿ ಹೋಗಲ್ಲ. ಈ ಸೋಮಾರಿಗೊಬ್ಬಳು ಹೆಂಡ್ತಿ ಸಿಗ್ಲಿ, ಅವಳು ಹೆರ್ಲಿ," ಎಂದು ಅಮ್ಮ ನನ್ನತ್ತ ಕೈ ತೋರಿಸಿದಳು.

ಹಾಗೆ ಹೇಳಿದರೂ ಆ ವಾರವೆಲ್ಲ ಮಗುವನ್ನು ಕರೆಯುವಾಗ ಅಮ್ಮನ ಬಾಯಲ್ಲಿ ಮೊದಲು ತನ್ನ ಹೆಸರೇ ಬರುತ್ತಿತ್ತು. ತಡೆದು, ಹೊಸ ಹೆಸರನ್ನು ಮೆಲ್ಲಗೆ ಕಲಿತುಕೊಂಡಳು.

ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಮಗುವಿನ ಹಣೆಗೆ ನೀರು ಹಾಕಿ ವರ್ದೆ ಎಂದರು. ಅಲ್ಲಿಂದ ಎಲ್ಲರೂ ಊರ ಸಭೆಯ ಮನೆಗೆ ಹೋದೆವು. ಊಟಕ್ಕೆ ಮೊದಲು ಭಾವ ತನ್ನ ಕೃತಜ್ಞತೆ ಸಲ್ಲಿಸಬೇಕಿತ್ತು. ನಮ್ಮಲ್ಲಿ ಅದಕ್ಕೆ ದಾರ ಕಟ್ಟಿದ ತಿಮಿಂಗಿಲದ ಹಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಕೊಡಬೇಕು, ಎದುರಿನ ಕಡೆಯವರು ಮುಟ್ಟಿ ತೆಗೆದುಕೊಳ್ಳಬೇಕು. ತೆಗೆದುಕೊಳ್ಳುವವರು ಇಲ್ಲದಿದ್ದರೆ ಕೊಟ್ಟದ್ದು ಕೊಟ್ಟಂತಾಗುವುದಿಲ್ಲ.

ಭಾವ ಹಲ್ಲನ್ನು ಹಿಡಿದು ಚಾಪೆಯ ನಡುವೆ ಕುಳಿತ. ಹಿರಿಯ ಎಮೋಸಿ ಸುತ್ತ ನೋಡಿದರು.

"ಹೆಸರಿನ ಮಗು ಇದೆ, ಸರಿ. ಆದ್ರೆ ಅದು ಉತ್ತರ ಹೇಳುತ್ತಾ? ವರ್ದೆ ಕಡೆಯಿಂದ ಮಾತಾಡೋರು ಯಾರಿದ್ದೀರಿ?"

ಭಾವನ ತೋಳು ಚಾಚಿಯೇ ಇತ್ತು. ಹೆಂಗಸರ ಸಾಲಿನಿಂದ ಅಮ್ಮ ಮಗುವನ್ನೆತ್ತಿಕೊಂಡು, ನಡು ಬಗ್ಗಿಸಿ ಬಂದು, ಅವನೆದುರು ಕುಳಿತಳು.

"ಲೊಸಾನಾ, ನೀನು ಕೊಡೋರ ಕಡೆಯವಳಲ್ವೇನಮ್ಮಾ? ಅವನು ನಿನ್ನ ಅಳಿಯ," ಎಂದರು ಎಮೋಸಿ.

"ಅಳಿಯ ನನ್ನವನೇ, ಅಣ್ಣ. ಅವನನ್ನ ನನ್ನ ಮಗಳಿಗೆ ಉಳಿಸಿ ಕೊಟ್ಟವಳು ಇಲ್ಲಿಲ್ಲ. ಅವಳ ಜಾಗ ಖಾಲಿ ಬಿಡೋಕಾಗಲ್ಲ. ಇವತ್ತಿನಿಂದ ನಾನು ಅವಳ ಕಡೆ."

ಎಮೋಸಿ ಒಪ್ಪಿ ತಲೆಯಾಡಿಸಿದರು. ಭಾವ ಮಾತು ಶುರುಮಾಡಿದ. ಸೈನ್ಯದಲ್ಲಿ ಮೈದಾನ ನಡುಗುವಂತೆ ಕೂಗುತ್ತಿದ್ದವನ ದನಿ ಅಂದು ಎರಡು ಮಾತಿಗೆ ಒಡೆಯಿತು. ರೊಟ್ಟಿಗೆ, ಬರಿಗಾಲಿಗೆ, ಲಾರಿಗೆ ಒತ್ತಿದ ಕೈಗಳಿಗೆ ವಂದನೆ ಎಂದ.

ಅಮ್ಮ ಹಲ್ಲನ್ನು ತೆಗೆದುಕೊಂಡು ಮುತ್ತಿಟ್ಟಳು.

"ಮುಟ್ಟಿತು. ಹುಡುಗ ಮನೆ ಸೇರಿದ್ದಾನೆ, ನಮ್ಮ ಮನೆಯವರಿಗೆ ಅದೇ ಬೇಕಾಗಿತ್ತು. ಇನ್ನು ಭಾರ ಇಟ್ಕೊಬೇಡ, ಮಗಾ."

ಮಡಿಲಲ್ಲಿದ್ದ ವರ್ದೆ ಹಲ್ಲಿನ ದಾರವನ್ನು ಹಿಡಿದೆಳೆದು ಬಾಯಿಗೆ ಹಾಕಿಕೊಂಡಳು. ಬಿಡಿಸಲು ಹೋದ ಅಕ್ಕನನ್ನು ಎಮೋಸಿ ತಡೆದರು.

"ಬಿಡಮ್ಮಾ. ಇವಳೂ ಒಪ್ಪಿಕೊಂಡಳು."

ಸಭೆಯೆಲ್ಲ ಅಂಗೈ ಬಾಗಿಸಿ ಗಂಭೀರವಾಗಿ ಚಪ್ಪಾಳೆ ತಟ್ಟಿತು. ಭಾವ ಎರಡೂ ಕೈಯಿಂದ ಮುಖ ಒರೆಸಿಕೊಂಡು, ಮಗಳನ್ನು ಎತ್ತಿಕೊಳ್ಳಲು ಮುಂದೆ ಬಾಗಿದ.