ಹಡಗಿನಲ್ಲಿ ಅತ್ತೆ ಕಾಣದಾದ ದಿನ

ಮುಧೋಳದಲ್ಲಿ ನಮ್ಮದು ಸಿಮೆಂಟಿನ ಅಂಗಡಿ. ಆ ವರ್ಷ ಮಾರಾಟ ಚೆನ್ನಾಗಿತ್ತೆಂದು ಕಂಪನಿಯವರು ನಮ್ಮಂಥ ಅಂಗಡಿಯವರನ್ನೆಲ್ಲ ಮುಂಬೈಯಿಂದ ಮೂರು ದಿನದ ಹಡಗಿನ ಪ್ರವಾಸಕ್ಕೆ ಕರೆದಿದ್ದರು. ಹೊರಡಲು ಒಂದು ವಾರವಿದೆ ಎನ್ನುವಾಗ ನನ್ನ ಗಂಡನಿಗೆ ಅಪೆಂಡಿಕ್ಸ್ ಆಪರೇಷನ್ ಆಯಿತು. “ಟಿಕೀಟ ಯಾಕ ಹಾಳ ಮಾಡ್ತಿ? ಅವ್ವನ್ನ ಕರಕೊಂಡ ಹೋಗು. ನನ್ನ ನೋಡ್ಕೊಳ್ಳಾಕ ಅಕ್ಕ ಬರ್ತಾಳ” ಎಂದರು. ಅತ್ತೆ, ನಾನು ಹನ್ನೊಂದು ವರ್ಷ ಒಂದೇ ಮನೆಯಲ್ಲಿದ್ದೆವು. ಆದರೆ ಕೆಲಸದ ಮಾತು ಬಿಟ್ಟರೆ ಬೇರೆ ಮಾತು ನಮ್ಮಲ್ಲಿ ಕಡಿಮೆ.

ಮೊದಲ ದಿನ ಸಮುದ್ರ ಸುಮ್ಮನಿತ್ತು. ಎರಡನೆಯ ಬೆಳಿಗ್ಗೆ ಮೇಜಿನ ಮೇಲಿದ್ದ ಲೋಟ ತಾನಾಗಿ ಜಾರಿ ಬಿತ್ತು. ಕೋಣೆಯ ದುಂಡು ಕಿಟಕಿಯಲ್ಲಿ ಒಮ್ಮೆ ಬರೀ ಆಕಾಶ ಕಂಡರೆ, ಮರುಕ್ಷಣ ಬರೀ ಹಸಿರು ನೀರು. ಹವಾಮಾನ ಕೆಟ್ಟಿದೆ, ಯಾರೂ ಮೇಲಿನ ಡೆಕ್ಕಿಗೆ ಹೋಗಬಾರದು ಎಂದು ಸ್ಪೀಕರಿನಲ್ಲಿ ಹಿಂದಿಯಲ್ಲಿ ಹೇಳಿದರು. ಬಾಗಿಲು ತೆರೆದು ನೋಡಿದೆ. ಓಣಿಯಂಥ ಉದ್ದನೆಯ ದಾರಿಯ ಎರಡೂ ಕಡೆ, ಹಿಡಿದು ನಡೆಯುವ ಕಂಬಿಗೆ ವಾಂತಿ ಮಾಡಿಕೊಳ್ಳುವ ಕಾಗದದ ಚೀಲ ಸಿಕ್ಕಿಸಿದ್ದರು. ಅವನ್ನು ನೋಡಿದ ಮೇಲೆಯೇ ನನಗೆ ನಿಜವಾಗಿ ಹೆದರಿಕೆಯಾದದ್ದು.

“ಯಾವಾಗ ನಿಲ್ತೈತಿ ಇದು?” ಅತ್ತೆ ಮಂಚದ ಅಂಚು ಹಿಡಿದು ಕೇಳಿದರು.

“ಸಂಜೀಗೆ ಅಂತ್ರಿ ಅತ್ತಿ.”

“ಬೀಳಗಿ ಕಡೆ ನಮ್ಮ ತವರಮನಿ ಡ್ಯಾಮಿನ ನೀರಾಗ ಮುಳಗೂ ಮುಂದ ನೀರು ನೋಟೀಸ ಕೊಟ್ಟ ಬಂತು. ಬಾಗಿಲಾ ಚೌಕಟ್ಟ ಸೈತ ಕಿತ್ತಗೊಂಡ ಬಂದ್ವಿ. ಇಲ್ಲಿ ಎಲ್ಲಿಗಂತ ಹೋಗೂದು?”

ವಾಂತಿ ಬಂದಂತಾಗಿ ನಾನು ಬಚ್ಚಲಿಗೆ ಓಡಿದೆ. ಅಲ್ಲಿ ಎಷ್ಟು ಹೊತ್ತು ನೆಲ ಹಿಡಿದು ಕೂತಿದ್ದೆನೋ ಗೊತ್ತಿಲ್ಲ. ಹೊರಗೆ ಬಂದಾಗ ಅತ್ತೆಯ ಮಂಚ ಖಾಲಿ. ಚಪ್ಪಲಿ ಮಾತ್ರ ನೆಲದ ಮೇಲೆ ಅತ್ತಿಂದಿತ್ತ ಜಾರುತ್ತಿದ್ದವು.

ಅತ್ತೆಗೆ ಓದು ಬರುವುದಿಲ್ಲ. ಕನ್ನಡ ಬಿಟ್ಟು ಬೇರೆ ಮಾತೂ ಬರುವುದಿಲ್ಲ. ಹಡಗಿನ ಬಾಗಿಲುಗಳೆಲ್ಲ ಒಂದೇ ತರಹ. ಈ ಗೋಡೆಗೆ ಹಾಯ್ದು, ಆ ಗೋಡೆಗೆ ಹಾಯ್ದು, “ಅತ್ತೀ, ಅತ್ತೀ” ಎಂದು ಕೂಗುತ್ತ ನಡೆದೆ. ಮೆಟ್ಟಿಲನ್ನು ಅಂಬೆಗಾಲಿಟ್ಟೇ ಹತ್ತಿದೆ. ಊಟದ ಹಾಲಿನಲ್ಲಿ ತಟ್ಟೆಗಳು ಬಿದ್ದು ಒಡೆಯುತ್ತಿದ್ದವು. ಅಲ್ಲಿದ್ದ ಕೆಲಸದ ಹೆಂಗಸಿಗೆ ಹಸಿರು ಇಳಕಲ್ ಸೀರೆಯ ಮುದುಕಿಯನ್ನು ನೋಡಿದಿರಾ ಎಂದು ಹರಕು ಹಿಂದಿಯಲ್ಲಿ ಕೇಳಿದೆ. ಏನು ತಿಳಿದಳೋ, ಅವಳು ಡೆಕ್ಕಿನ ಕಡೆ ಕೈ ಮಾಡಿದಳು.

ಡೆಕ್ಕಿನ ಗಾಜಿನ ಬಾಗಿಲಿಗೆ ಹಗ್ಗ ಕಟ್ಟಿದ್ದರು. ಆಚೆ ನೊರೆನೀರು ನೆಲದ ಮೇಲೆ ಹರಿದಾಡುತ್ತಿತ್ತು. ಕಂಬಿಗಳ ಬುಡದಲ್ಲಿ ಬೆಳ್ಳಗೆ ಏನೋ ಮುದುಡಿ ಬಿದ್ದಿತ್ತು. ಅತ್ತೆಯ ನರೆತ ತಲೆಯೇ ಎಂದುಕೊಂಡೆ. ಆಪರೇಷನ್ನಿನ ಗಾಯ ಇನ್ನೂ ಮಾಯದ ನನ್ನ ಗಂಡನಿಗೆ ಏನೆಂದು ಫೋನು ಮಾಡಲಿ? ಇನ್ನೊಂದು ತೆರೆ ಬಂದು ಅದನ್ನು ಉರುಳಿಸಿತು. ಯಾರೋ ಬಿಟ್ಟುಹೋದ ಟವೆಲ್ಲು.

ಕೋಣೆಗೆ ಮರಳಿರಬಹುದೆಂದು ಕೆಳಗಿಳಿದೆ. ಅವಸರದಲ್ಲಿ ನಮ್ಮ ಅಂತಸ್ತು ದಾಟಿ ಇನ್ನೂ ಕೆಳಗೆ ಹೋಗಿಬಿಟ್ಟೆ. ಅಲ್ಲಿ ಯಾರೋ ಬಾಗಿಲು ಗುದ್ದುತ್ತಿದ್ದ ಸದ್ದು. “ತಗೀ ಬೇ! ನಾನ ಅದೇನಿ, ಬಾಗಿಲಾ ತಗೀ!”

ಅತ್ತೆಯೂ ನನ್ನಂತೆಯೇ ಒಂದು ಅಂತಸ್ತು ಹೆಚ್ಚಿಗೆ ಇಳಿದು ಪರರ ಬಾಗಿಲು ಬಡಿಯುತ್ತಿದ್ದರು. ಬರಿಗಾಲು, ಬಿಚ್ಚಿದ ತುರುಬು. ಒಳಗಿನವರು ತಿಳಿಯದ ಭಾಷೆಯಲ್ಲಿ ಚೀರುತ್ತಿದ್ದರು.

“ಹೇಳಿ ಹೋಗಾಕ ಏನಾಗಿತ್ರಿ ನಿಮಗ?” ಎಂದು ಕಿರುಚಿದೆ. ಹನ್ನೊಂದು ವರ್ಷದಲ್ಲಿ ಅವರ ಮುಂದೆ ದನಿ ಎತ್ತಿದ್ದು ಅದೇ ಮೊದಲು.

ಅವರು ಸಿಟ್ಟಾಗಲಿಲ್ಲ. ನನ್ನ ಮುಖ, ತೋಳು ಮುಟ್ಟಿ ಮುಟ್ಟಿ ನೋಡಿದರು. “ನಿನಗ ಅಂತ ಊಟದ ಹಾಲಿನ್ಯಾಗ ಕೈಸನ್ನಿ ಮಾಡಿ ಲಿಂಬಿಹಣ್ಣ ಇಸಗೊಂಡ ಬರಾಕ ಹೋಗಿದ್ದೆ. ಬಾಗಿಲಾ ತಗೀಲಿಲ್ಲ ನೋಡು, ಒಳಗ ಎಚ್ಚರ ತಪ್ಪಿ ಬಿದ್ದೀ ಅಂತ ತಿಳದೆ” ಎಂದು ಅತ್ತರು. ಮುಷ್ಟಿಯಲ್ಲಿ ಎರಡು ಲಿಂಬೆಹೋಳು ಹಿಂಡಿಹೋಗಿದ್ದವು.

ಕೋಣೆಗೆ ಬಂದ ಮೇಲೆ ಅತ್ತೆ ಕಪಾಟಿನಲ್ಲಿದ್ದ ನೀರಿನಲ್ಲಿ ಮುಳುಗದಂತೆ ತೊಡುವ ಕೇಸರಿ ಬಣ್ಣದ ಜಾಕೀಟು ತೆಗೆಸಿ ಹಾಕಿಕೊಂಡರು, ನನಗೂ ತೊಡಿಸಿದರು. ಎರಡು ಮಂಚಗಳ ನಡುವೆ ನೆಲದಲ್ಲಿ, ಗೋಡೆಗೆ ಕಾಲು ಕೊಟ್ಟು ಕೂತೆವು. ಹಡಗು ಮೇಲೆದ್ದು ಕೆಳಗೆ ಬಿದ್ದಾಗಲೆಲ್ಲ ಅತ್ತೆ “ಬೀರಪ್ಪಾ” ಎಂದು ಮನೆದೇವರನ್ನು ಕರೆದು ನನ್ನ ಮಣಿಕಟ್ಟು ಹಿಚುಕುತ್ತಿದ್ದರು. ನಾನು ಕಣ್ಣು ಮುಚ್ಚಿ ಲಿಂಬೆಸಿಪ್ಪೆ ನೆಕ್ಕುತ್ತಿದ್ದೆ.

ಸಂಜೆ ಗಾಳಿ ತಗ್ಗಿತು. ಊಟಕ್ಕೆ ಕರೆದರು. ನಾನು ಜಾಕೀಟು ಬಿಚ್ಚಿಟ್ಟೆ, ಅತ್ತೆ ಬಿಚ್ಚಲಿಲ್ಲ. ಹಾಗೆಯೇ ಊಟದ ಹಾಲಿಗೆ ಬಂದರು. ಜಮಖಂಡಿ ಅಂಗಡಿಯವರ ಹೆಂಡಂದಿರು ಸೆರಗು ಅಡ್ಡ ಹಿಡಿದು ನಕ್ಕರು. ಅಷ್ಟರಲ್ಲಿ ನೆಲ ಇನ್ನೊಮ್ಮೆ ವಾಲಿತು. ನಾನು ಕೋಣೆಗೆ ಓಡಿ ನನ್ನ ಜಾಕೀಟು ಹಾಕಿಕೊಂಡು ಬಂದು ಅತ್ತೆಯ ಪಕ್ಕ ಕೂತೆ. ಮೊಸರನ್ನ ಕಲಸಿದೆವು. ಒಂದು ತುತ್ತೂ ತಿನ್ನದೆ ಇಬ್ಬರೂ ತಟ್ಟೆ ಸರಿಸಿದೆವು.