ಗಬ್ಬೂರಿನ ಹದಿನೇಳು ಬೂದೆಮ್ಮಂದಿರು

ಮಸರಕಲ್ಲಿನ ಸೂಗಮ್ಮನನ್ನು ಅವ್ವ ಗೋಪಮ್ಮ ಓದಿಸಿದ್ದು ಮಾನ್ವಿ ಕಡೆ ಭತ್ತದ ನಾಟಿಗೆ ಹೋಗಿ. ಟೈಪಿಂಗ್ ಪಾಸು ಮಾಡಿಕೊಂಡು ರಾಯಚೂರಿಗೆ ಬಂದ ಸೂಗಮ್ಮನಿಗೆ ಡಾಕ್ಟರ್ ಸರ್ವರಿ ಬೇಗಂ ಅವರ ಕಣ್ಣಿನ ದವಾಖಾನೆಯಲ್ಲಿ ಚೀಟಿ ಬರೆಯುವ ಕೆಲಸ ಸಿಕ್ಕಿತು. 1988ರಲ್ಲಿ ಯಾರೋ ಪುಣ್ಯಾತ್ಮರು ಆ ದವಾಖಾನೆಗೆ ಒಂದು ಕಂಪ್ಯೂಟರ್ ದಾನ ಕೊಟ್ಟರು. ಡಾಕ್ಟರು ಅದರ ಮುಂದೆ ಅವಳನ್ನು ಕೂಡಿಸಿ, "ಟೈಪ್ ಬರತದಲ್ಲ? ಇದೂ ಟೈಪೇ," ಅಂದರು.

ಹೈದರಾಬಾದಿನಿಂದ ಬಂದ ಒಬ್ಬ ಎಂಜಿನಿಯರು ಅದರಲ್ಲಿ ಒಂದೇ ಒಂದು ದೊಡ್ಡ ಪಟ್ಟಿ ಮಾಡಿಕೊಟ್ಟು ಹೋಗಿದ್ದ. ಪೊರೆ ತೆಗೆಸಿಕೊಂಡ ಒಬ್ಬೊಬ್ಬರಿಗೂ ಒಂದೊಂದು ಸಾಲು: ಹೆಸರು, ತಂದೆಯ ಅಥವಾ ಗಂಡನ ಹೆಸರು, ಊರು, ತಾಲ್ಲೂಕು, ಜಿಲ್ಲೆ, ಕನ್ನಡಕದ ಪಾಕೀಟಿನ ನಂಬರು. ಎರಡು ಸಾವಿರ ಮಂದಿ. 'ರಾಯಚೂರು ಜಿಲ್ಲೆ' ಅಂತ ಎರಡು ಸಾವಿರ ಸಲ ಬಡಿದ ಸೂಗಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಜಿಲ್ಲಾ ಏನು ಓಡಿ ಹೋಗತದೇನು?" ಅಂತ ಗೊಣಗಿ, ಕಂಪ್ಯೂಟರಿನ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ಡಿಕ್ಷನರಿ ಹಿಡಿದು ಓದತೊಡಗಿದಳು.

ಕನ್ನಡಕ ಹಂಚುವ ಮೊದಲ ದಿನ ದೇವದುರ್ಗದಲ್ಲಿ. ಕಂಪ್ಯೂಟರಿನ ಪರದೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸೂಗಮ್ಮ ಬಸ್ಸಿನಲ್ಲಿ ಕೂತಳು. ಕಂಡಕ್ಟರ್ ಲಾಲ್ ಸಾಬ್ ಬಗ್ಗಿ ನೋಡಿ, "ಈ ಟೀವ್ಯಾಗ ಏನ್ ಬರತದವ್ವಾ?" ಅಂದ.

"ಬೂದೆಮ್ಮ ಬರ್ತಾಳ್ರೀ," ಅಂದಳು ಸೂಗಮ್ಮ. ಪಟ್ಟಿಯಲ್ಲಿ ಅವಳು ಹೆಚ್ಚು ಸಲ ಬಡಿದ ಹೆಸರು ಅದು.

ಬೂದೆಮ್ಮ ಬರಲಿಲ್ಲ, ಅದೇ ಫಜೀತಿ. ಪಾಕೀಟಿನ ನಂಬರು ಬರೆದು ಕೊಟ್ಟ ಚೀಟಿಯನ್ನು ಮುಕ್ಕಾಲು ಮಂದಿ ಕಳಕೊಂಡಿದ್ದರು. ಹೆಸರು ಬಡಿದರೆ ಕಂಪ್ಯೂಟರು ಮೊದಲ ಸಾಲಿನಿಂದ ಒಂದೊಂದೇ ಓದುತ್ತಾ ಹೋಗುತ್ತಿತ್ತು. ಫ್ಲಾಪಿ ಗುರ್ ಗುರ್ ಅಂತ ತಿರುಗುತ್ತಿತ್ತು. ನಾಲ್ಕೈದು ನಿಮಿಷಕ್ಕೆ ಒಬ್ಬಳು ಬೂದೆಮ್ಮ ಸಿಕ್ಕರೆ ಅವಳು ಬೇರೆ ಬೂದೆಮ್ಮ! ಗಬ್ಬೂರಿನಲ್ಲೇ ಹದಿನೇಳು ಮಂದಿ ಇದ್ದರು. ಊರಿನ ಹೆಸರನ್ನೇ ಸೂಗಮ್ಮ ನಾಲ್ಕು ತರಹ ಬಡಿದಿದ್ದಳು. ಹನ್ನೊಂದರ ಹೊತ್ತಿಗೆ ಕನ್ನಡಕ ಸಿಕ್ಕವರು ಎಂಟು ಜನ. ಸಾಲಿನಲ್ಲಿ ಮುನ್ನೂರು.

ಅಷ್ಟರಲ್ಲಿ ಬೇಸತ್ತ ಇಬ್ಬರು ಮುದುಕಿಯರು ಪಾಕೀಟಿನ ರಾಶಿಗೇ ಕೈ ಹಾಕಿ ಸಿಕ್ಕದ್ದು ಏರಿಸಿಕೊಂಡರು. ಒಬ್ಬಾಕೆ ಇಲ್ಲದ ಮೆಟ್ಟಿಲಿಗೆ ಕಾಲೆತ್ತಿದಳು. ಇನ್ನೊಬ್ಬಾಕೆ, "ಯವ್ವಾ, ಭೂಮಿ ಮ್ಯಾಲ ಬರಾಕತ್ತದ!" ಅಂತ ಕಾಂಪೌಂಡರ್ ಅಲ್ಲಾಬಕ್ಷ್‌ನನ್ನು ತಬ್ಬಿಕೊಂಡಳು. ಸಾಲಿಗೆ ಸಾಲೇ ನಕ್ಕಿತು. ಡಾಕ್ಟರು ನಗಲಿಲ್ಲ.

"ಸೂಗಮ್ಮ, ಬಂದ್ ಮಾಡು. ಇವರನ್ನೆಲ್ಲ ವಾಪಸ್ ಕಳಸೋಣ."

"ಮೇಡಂ, ಎರಡು ತಾಸು ಕೊಡ್ರಿ. ಪಟ್ಟಿ ಮುರದು ಕಟ್ತೀನಿ."

"ಕೆಟ್ಟರ?"

"ನಕಲು ತಗದಿಟ್ಟೀನ್ರಿ."

ಆ ಇಂಗ್ಲಿಷ್ ಪುಸ್ತಕದಲ್ಲಿ ಓದಿದಂತೆ, ಮೊದಲು ಊರುಗಳನ್ನೆಲ್ಲ ತಾಲ್ಲೂಕು, ಜಿಲ್ಲೆ ಸಮೇತ ಬೇರೆ ತೆಗೆದು ಒಂದು ಸಣ್ಣ ಪಟ್ಟಿ ಮಾಡಿದಳು. ಊರಿಗೊಂದು ನಂಬರು. ಗಬ್ಬೂರನ್ನು ಹೆಂಗೇ ಬರೆದಿರಲಿ, ನಂಬರು ಒಂದೇ. ದೊಡ್ಡ ಪಟ್ಟಿಯಲ್ಲಿ ಊರು, ತಾಲ್ಲೂಕು, ಜಿಲ್ಲೆ ಹಾರಿಹೋಗಿ ಆ ನಂಬರಷ್ಟೇ ಉಳಿಯಿತು. ಪಟ್ಟಿ ಅರ್ಧಕ್ಕಿಂತ ಸಣ್ಣದಾಯಿತು. ಫ್ಲಾಪಿಯಲ್ಲಿ ಜಾಗ ಬಿಡುವಾದದ್ದೇ ತಡ, ಅಲ್ಲೊಂದು ಸೂಚಿ ಕಟ್ಟಿದಳು. ಯಾರ ಸಾಲು ಎಲ್ಲಿದೆ ಎಂದು ಸೂಚಿ ಹೇಳಿದರೆ ಕಂಪ್ಯೂಟರು ನೆಟ್ಟಗೆ ಅಲ್ಲಿಗೇ ಹೋಗಬಹುದು, ಮೊದಲಿಂದ ಓದಬೇಕಿಲ್ಲ. ಸೂಚಿಯನ್ನು ಯಾವ ಕ್ರಮದಲ್ಲಿ ಜೋಡಿಸುವುದು? ಸೂಗಮ್ಮ ಸಾಲಿನ ಮಾತು ಕೇಳಿಸಿಕೊಂಡಳು. ಗುರುತಿಲ್ಲದ ಇಬ್ಬರು ಮಾತಿಗೆ ಕೂತರೆ ಮೊದಲು ಬರುತ್ತಿದ್ದದ್ದು, "ಯಾವೂರಾಕಿಬೇ?" ಹೆಸರು ಆಮೇಲೆ, ಗಂಡನ ಹೆಸರು ಅದಕ್ಕೂ ಆಮೇಲೆ. ಹಾಗೇ ಜೋಡಿಸಿದಳು.

ಮಧ್ಯಾಹ್ನ ಒಂದು ಗಂಟೆ ದಾಟಿತ್ತು. ಮೆಟ್ಟಿಲಿಗೆ ಕಾಲೆತ್ತಿದ್ದ ಆ ಮುದುಕಿಯನ್ನೇ ಕರೆದಳು.

"ಊರು?"

"ಗಬ್ಬೂರು. ಬೂದೆಮ್ಮ. ಗಂಡ ಯಂಕಣ್ಣ."

ಗುಂಡಿ ಒತ್ತಿದಳು. ಫ್ಲಾಪಿ ಒಮ್ಮೆ ಕೆಮ್ಮಿ ಸುಮ್ಮನಾಯಿತು. ಎಲ್ಲ ಅಳಿಸಿಹೋಯಿತೇನೋ ಅಂತ ಸೂಗಮ್ಮ ನಕಲಿನ ಫ್ಲಾಪಿಗೆ ಕೈ ಹಾಕಿದಳು. ನೋಡಿದರೆ ಪರದೆಯ ಮೇಲೆ ಪಾಕೀಟಿನ ನಂಬರು ನಿಂತಿದೆ!

"ಇಷ್ಟು ಜಲ್ದಿ? ತಪ್ಪಿರಬೇಕು," ಅಂತ ಡಾಕ್ಟರು ಪಾಕೀಟಿನ ನಂಬರಿನ ಕ್ರಮದಲ್ಲಿ ಬರೆದಿಟ್ಟಿದ್ದ ರಿಜಿಸ್ಟರು ತಿರುವಿ ಹಾಕಿದರು. ಸರಿಯಾಗಿತ್ತು. ಬೂದೆಮ್ಮ ತನ್ನ ಕನ್ನಡಕ ಏರಿಸಿಕೊಂಡು ಸೂಗಮ್ಮನ ಗಲ್ಲ ಹಿಡಿದು, "ಎಷ್ಟು ಸಣ್ಣಾಕಿ ಅದಿಬೇ ನೀನು!" ಅಂದಳು.

ಆಮೇಲೆ ಶುರುವಾಯಿತು ಗದ್ದಲ. ಊರು, ಹೆಸರು, ಗುಂಡಿ, ನಂಬರು. ಪಾಕೀಟು ಹುಡುಕುತ್ತಿದ್ದ ಅಲ್ಲಾಬಕ್ಷ್ ಬೆವರಿಳಿದು, "ತಂಗೀ, ಸಾವಕಾಶ! ನನಗೂ ಸೂಚಿ ಕಟ್ಟು!" ಅಂತ ಕೂಗಿದ. ಸಾಲು ನಡೆಯುವುದು ಬಿಟ್ಟು ಓಡತೊಡಗಿತು. ಕನ್ನಡಕ ಸಿಕ್ಕವರು ಮನೆಗೆ ಹೋಗದೆ ಒಬ್ಬರ ಮುಖ ಒಬ್ಬರು ನೋಡುತ್ತಾ, ಗುರುತು ಹಚ್ಚುತ್ತಾ, ಬೈದಾಡುತ್ತಾ ಅಂಗಳದಲ್ಲೇ ಉಳಿದರು. ಬಿಸಿಲಿರುವಾಗಲೇ ಮುನ್ನೂರೂ ಮುಗಿಯಿತು. ಆಗ ಡಾಕ್ಟರು ಗಬ್ಬೂರಿನ ಬೂದೆಮ್ಮಂದಿರನ್ನು ಒಂದೇ ಬೆಂಚಿನ ಮೇಲೆ ಕೂಡಿಸಿ ಎಣಿಸಲು ಹೋಗಿ, ಎರಡು ಸಲ ಲೆಕ್ಕ ತಪ್ಪಿ, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು.

ಮರುವಾರ ಮಾನ್ವಿ. ಅಲ್ಲಿ ಹನ್ನೆರಡಕ್ಕೇ ಕೆಲಸ ಮುಗಿಯಿತು. ನಾಟಿ ಬಿಟ್ಟು ನೋಡಲು ಬಂದಿದ್ದ ಗೋಪಮ್ಮ, "ಏನ್ ಕೆಲಸಬೇ ಇದು, ಬರೇ ಊರು ಕೇಳದು?" ಅಂದಳು. ಬಸ್ಸಿಗೆ ಇನ್ನೂ ಎರಡು ತಾಸಿತ್ತು. ಅವ್ವ, ಮಗಳು, ಡಾಕ್ಟರು, ಅಲ್ಲಾಬಕ್ಷ್ ನಾಲ್ವರೂ ಮಂಡಕ್ಕಿಗೆ ಒಗ್ಗರಣೆ ಹಾಕಿದ ಮಂಡಾಳ ಒಗ್ಗರಣಿ, ಮಿರ್ಚಿ ತಿನ್ನಲು ಬಜಾರಿಗೆ ಹೊರಟರು.