ಜೋಡಿಮನೆಯ ಹುಸಿಕಿಟಕಿ

ಸಿಂಗಪುರದಲ್ಲಿ ಹಳೇ ಕಟ್ಟಡಗಳ ರಿಪೇರಿ ನೋಡಿಕೊಳ್ಳುವ ಎಂಜಿನಿಯರ್ ಆಗಿದ್ದೆ ನಾನು. ತೊಂಬತ್ತರ ದಶಕದಲ್ಲಿ ಜಾರ್ಜಿಯನ್ ಶೈಲಿಯ ಒಂದು ಜೋಡಿಮನೆ ನನ್ನ ಪಾಲಿಗೆ ಬಂತು. ಬ್ರಿಟಿಷರ ಕಾಲದ್ದು, ನಡುವೆ ಒಂದೇ ಗೋಡೆ, ಎಡಕ್ಕೆ ಏನಿದೆಯೋ ಬಲಕ್ಕೂ ಅದೇ. ಸರ್ಕಾರ ಅದನ್ನು ಸಂರಕ್ಷಿತ ಕಟ್ಟಡ ಮಾಡಿತ್ತು. ಅಂದರೆ, ವಾಸ ಮಾಡುವವರನ್ನು ಬಿಟ್ಟು ಮಿಕ್ಕಿದ್ದೆಲ್ಲಕ್ಕೂ ರಕ್ಷಣೆ.

ಎಡಮನೆಯಲ್ಲಿ ಅಕ್ಕ, ಬಲಮನೆಯಲ್ಲಿ ತಂಗಿ, ಇಬ್ಬರೂ ಎಪ್ಪತ್ತು ದಾಟಿದ ಚೀನೀ ಹೆಂಗಸರು. ಅಕ್ಕನ ಮಹಡಿ ಕೋಣೆಗೆ ಬೀದಿ ಕಡೆ ಚೆಂದದ ಕಿಟಕಿ. ತಂಗಿಗೆ ಅದೇ ಜಾಗದಲ್ಲಿ ಚೌಕಟ್ಟು ಮಾತ್ರ, ಒಳಗೆಲ್ಲ ಇಟ್ಟಿಗೆ.

"ಅವಳಿಗೆ ಗಾಳಿ, ನನಗೆ ಗೋಡೆ. ಸೆಕೆಯಲ್ಲಿ ಬೆಂದುಹೋದೆ, ಇದನ್ನು ಒಡೆಸಿಕೊಡಪ್ಪಾ" ಎಂದರು ತಂಗಿ.

ಸಂರಕ್ಷಣೆಯ ಅಧಿಕಾರಿ ಬಂದು ಇಟ್ಟಿಗೆ ತಟ್ಟಿದ. "ಇದು ಅಂದಕ್ಕೆ ಇಟ್ಟ ಹುಸಿಕಿಟಕಿ ಇರಬಹುದು ಸರ್. ಮೊದಲು ತೆರೆದಿತ್ತು ಅಂತ ದಾಖಲೆ ತನ್ನಿ, ಒಡೆಯೋಣ."

ದಾಖಲೆ ಅಂದರೆ ನಮ್ಮ ಮೈಸೂರಿನವರಿಗೆ ಪ್ರಾಣ. ವಾರವೆಲ್ಲ ಹುಡುಕಿ ಮೂಲ ನಕ್ಷೆ ಸಂಪಾದಿಸಿದೆ. ಸಿಕ್ಕ ಸಂಭ್ರಮದಲ್ಲಿ ಸರಿಯಾಗಿ ನೋಡದೆಯೇ ಅವನ ಮುಂದೆ ಹಾಸಿಬಿಟ್ಟೆ.

"ಥ್ಯಾಂಕ್ಸ್ ಸರ್" ಎಂದ ಅವನು. "ಎರಡೂ ಹುಸಿಕಿಟಕಿಗಳೇ. ಎಡಗಡೆಯದನ್ನು ಯಾರೋ ಆಮೇಲೆ ಒಡೆದಿದ್ದಾರೆ. ಮುಚ್ಚಿಸಿಬಿಡಿ."

ಅಕ್ಕನ ಕಿಟಕಿಗೆ ನಾನೇ ನಿಂತು ಇಟ್ಟಿಗೆ ಕಟ್ಟಿಸಿದೆ. ಆಕೆ ಅವತ್ತಿಂದ ನನ್ನ ಮುಖ ನೋಡಲಿಲ್ಲ. ತಂಗಿಯ ಬಳಿ ಹೋಗಿ, ಗಾಳಿ ಕೊಡಿಸಲಾಗಲಿಲ್ಲ, ಕ್ಷಮಿಸಿ ಅಂದೆ.

ಅವರು ಬೀದಿಗಿಳಿದು ಎರಡೂ ಮನೆಗಳನ್ನು ಕಣ್ತುಂಬ ನೋಡಿದರು. "ಪರವಾಗಿಲ್ಲ ಲಾ" ಅಂದರು ಸಿಂಗಪುರದವರ ರಾಗದಲ್ಲಿ, "ಈಗ ಅಷ್ಟು ಸೆಕೆ ಅನಿಸ್ತಿಲ್ಲ."